ಕಸ್ತೂರಕ್ಕನ ಕೈಗೆ ಒಂದು ಬಾಗಿಲು

ನಾನು ಬಾಗಿಲಿನ ಹಿಡಿಯನ್ನು ಏಳು ಮಿಲಿಮೀಟರ್ ಮೇಲಕ್ಕೆ ಎಳೆದೆ. ನಿಕಷ ಅದನ್ನು ಕೆಳಕ್ಕೆ ತಳ್ಳಿತು. ಮತ್ತೆ ಎಳೆದೆ. ಮತ್ತೆ ತಳ್ಳಿತು. ಪರದೆಯ ಮೂಲೆಯಲ್ಲಿ ಅದೇ ವಿನಯದ ಸಾಲು: ‘ಈ ಬದಲಾವಣೆಗೆ ಕಾರಣ ಕಂಡುಬಂದಿಲ್ಲ. ಭಾಗವನ್ನು ಮೂಲ ಆಕಾರಕ್ಕೆ ಮರಳಿಸಲಾಗಿದೆ. ನಿಮ್ಮ ದಿನ ಶುಭವಾಗಿರಲಿ.’

ನನ್ನ ದಿನ ಶುಭವಾಗಿರಲಿಲ್ಲ. ಕೀಬೋರ್ಡ್ ಎತ್ತಿ ಪರದೆಗೆ ಬೀಸೋಣ ಅನ್ನಿಸಿತು. ಬೀಸಲಿಲ್ಲ, ಏಕೆಂದರೆ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಒಂದು ಕೀಬೋರ್ಡ್ ಹಾಳಾದರೆ ಹೊಸದು ಬರಲು ನಾಲ್ಕು ಜನರ ಸಹಿ ಬೇಕು. ಒಂದು ಪ್ಲಾಸ್ಟಿಕ್ ಬಾಗಿಲಿನ ಹಿಡಿ ಏಳು ಮಿಲಿಮೀಟರ್ ಸರಿಯಲು ಎಷ್ಟು ಜನರ ಸಹಿ ಬೇಕೆಂದು ಆಗ ನನಗಿನ್ನೂ ಗೊತ್ತಿರಲಿಲ್ಲ.

ಮೊದಲಿಂದ ಹೇಳುತ್ತೇನೆ. ನನ್ನ ಹೆಸರು ಮಹಾನಂದಾ. ಪ್ಲಾಸ್ಟಿಕ್ ಭಾಗಗಳನ್ನು ಕಂಪ್ಯೂಟರಿನಲ್ಲಿ ರಚಿಸುವುದು ನನ್ನ ಕೆಲಸ. ಹಾಗೆಂದು ನನ್ನ ಗುರುತಿನ ಚೀಟಿ ಹೇಳುತ್ತದೆ. ನಾನು ಈ ಕೆಲಸ ಕಲಿತಾಗ ರಚನೆ ಎಂದರೆ ನಿಜವಾಗಿ ರಚನೆಯೇ ಆಗಿತ್ತು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬುತ್ತಾರೆ, ಅದು ತಣ್ಣಗಾಗಿ ಗಟ್ಟಿಯಾಗುತ್ತದೆ, ಅಚ್ಚು ಬಾಯಿಬಿಟ್ಟು ಭಾಗವನ್ನು ಹೊರಗೆ ಉಗುಳುತ್ತದೆ. ಕೇಳಲು ಸುಲಭ. ಆದರೆ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ. ಬದಿಗಳಿಗೆ ಸ್ವಲ್ಪ ಇಳಿಜಾರು ಕೊಡದಿದ್ದರೆ ಭಾಗ ಅಚ್ಚಿಗೆ ಕಚ್ಚಿಕೊಂಡು ಹೊರಗೆ ಬರುವುದೇ ಇಲ್ಲ. ತಣಿಯುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಮೊದಲೇ ತುಸು ದೊಡ್ಡದು ಮಾಡಬೇಕು. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಗೆರೆ ಎಳೆಯುವುದರಲ್ಲಿ ಒಂದು ಸುಖವಿತ್ತು.

ನಿಕಷ ಬಂದ ಮೇಲೆ ಆ ಸುಖ ಹೋಯಿತು. ನಿಕಷ ಎಂಬುದು ದೇಶಕ್ಕೆಲ್ಲ ಒಂದೇ ಆದ ವಿನ್ಯಾಸದ ತಂತ್ರಾಂಶ. ಮೈಗೆ ತಾಗುವ, ಔಷಧಕ್ಕೆ ಸಂಬಂಧಿಸಿದ ಪ್ಲಾಸ್ಟಿಕ್ ಭಾಗ ಯಾವುದೇ ಇರಲಿ, ಅದಕ್ಕೆ ನಿಕಷದ ಮುದ್ರೆ ಬೀಳದೆ ಅಚ್ಚು ಕೊರೆಯುವಂತಿಲ್ಲ ಎಂದು ಕಾನೂನೇ ಆಯಿತು. ಅದರ ಹೆಮ್ಮೆಯೆಂದರೆ ಲಕ್ಷ ಕೈ. ಊರೂರಿಗೆ ಹೋಗಿ ಒಂದು ಲಕ್ಷ ಜನರ ಕೈಗಳನ್ನು ಅಳೆದು, ಮೂಳೆ, ಸ್ನಾಯು, ಹಿಡಿತದ ಬಲ ಎಲ್ಲವನ್ನೂ ಅದರೊಳಗೆ ತುಂಬಿದ್ದಾರೆ. ಯಾವ ಭಾಗವಾದರೂ ಉಕ್ಕಿಗೆ ಹೋಗುವ ಮೊದಲೇ ಆ ಲಕ್ಷ ಕೈಗಳೂ ಪರದೆಯೊಳಗೆ ಅದನ್ನು ಹಿಡಿದು, ತಿರುಗಿಸಿ, ಒತ್ತಿ ನೋಡುತ್ತವೆ. ಎಲ್ಲ ಕೈಗೂ ಒಗ್ಗಿದರೆ ಮುದ್ರೆ. ಒಂದು ಗ್ರಾಂ ಪ್ಲಾಸ್ಟಿಕ್ ಹೆಚ್ಚಾದರೂ ಅದಕ್ಕೆ ಕಾರಣ ಹೇಳಬೇಕು. ನಮ್ಮಂಥವರ ಕೆಲಸ ಈಗ ಅರ್ಜಿ ಹಾಕುವುದು, ಬಂದದ್ದನ್ನು ಒಪ್ಪಿಕೊಳ್ಳುವುದು.

ಕಸ್ತೂರಿ ನನ್ನ ಅಕ್ಕ. ಹಳೇ ಹುಬ್ಬಳ್ಳಿಯಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಹೋದ ವರ್ಷ ಒಂದು ಜ್ವರ ಬಂದು ಅವಳ ಹೃದಯದ ಸ್ನಾಯು ಸೋತುಹೋಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕೊನೆಗೆ ಎದೆಯೊಳಗೆ ಮೋಟರ್ ಇಟ್ಟರು. ಡಾಕ್ಟರುಗಳು ಅದಕ್ಕೆ ದೊಡ್ಡ ಹೆಸರು ಹೇಳುತ್ತಾರೆ, ನಮ್ಮ ಕಡೆ ಎಲ್ಲರೂ ಎದೆಮೋಟರ್ ಎನ್ನುತ್ತಾರೆ. ಹೃದಯದ ಪಕ್ಕದಲ್ಲಿ ಕುಳಿತು ರಕ್ತವನ್ನು ದೂಡುವ ಪುಟ್ಟ ಪಂಪು ಅದು. ಅದರ ತಂತಿ ಹೊಟ್ಟೆಯಿಂದ ಹೊರಬಂದು ಎಡ ಸೊಂಟಕ್ಕೆ ಕಟ್ಟಿದ ಡಬ್ಬಿಗೆ ಸೇರುತ್ತದೆ. ಡಬ್ಬಿಯಲ್ಲಿ ಬ್ಯಾಟರಿ. ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ಬ್ಯಾಟರಿ ಬದಲಿಸಿ ಬಾಗಿಲು ಮುಚ್ಚಬೇಕು. ಬಾಗಿಲು ಟಕ್ ಎಂದು ಕೂತರೆ ಸರಿ. ಕೂರದಿದ್ದರೆ ಬಗ್ಗಿ ಏಳುವಾಗ ಬ್ಯಾಟರಿ ಸಡಿಲವಾಗಿ ಮೋಟರ್ ನಿಲ್ಲುತ್ತದೆ. ಒಳಗೊಂದು ಮರಿ ಬ್ಯಾಟರಿ ಇದೆ, ಬ್ಯಾಟರಿ ಬದಲಿಸುವಾಗ ಅದನ್ನು ಮೊದಲೇ ಎಬ್ಬಿಸಿಕೊಂಡಿರುತ್ತಾರೆ. ಹೀಗೆ ಏಕಾಏಕಿ ನಿಂತರೆ ಅದು ಎಚ್ಚೆತ್ತು ಕೆಲಸ ಹಿಡಿಯುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿರುತ್ತದೆ.

ಆ ಬಾಗಿಲು ನಮ್ಮ ಕಾರ್ಖಾನೆಯದು. ಅದರ ಅರ್ಜಿ ಹಾಕಿದವಳು ನಾನು. ಅಕ್ಕನ ಆಪರೇಶನ್ ದಿನ ನಾನೇ ಆಸ್ಪತ್ರೆಯಲ್ಲಿ ಎದೆಯುಬ್ಬಿಸಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಆಸ್ಪತ್ರೆಯಲ್ಲಿ ನರ್ಸು ಅಕ್ಕನಿಗೆ ಬ್ಯಾಟರಿ ಬದಲಿಸುವುದನ್ನು ಕಲಿಸಿದರು. ಅವಳು ಚುರುಕು, ಎರಡನೆಯ ಸಲಕ್ಕೇ ಕಣ್ಣುಮುಚ್ಚಿ ಹಾಕಿ ತೋರಿಸಿದಳು. ಮನೆಗೆ ಬಂದ ದಿನ ಓಣಿಯ ಹೆಂಗಸರೆಲ್ಲ ಸೇರಿದರು. ಆಪರೇಶನ್ನಿಗೆಂದು ಆಸ್ಪತ್ರೆಯವರು ಅವಳಿಗೆ ಎಚ್ಚರವಿಲ್ಲದಾಗ ಬಳೆ ಒಡೆದು ತೆಗೆದಿದ್ದರಲ್ಲ, ಸತ್ತು ಹುಟ್ಟಿ ಬಂದ ಮುತ್ತೈದೆ ಬರಿಗೈಯಲ್ಲಿ ಇರಬಾರದೆಂದು ಬಳೆಗಾರತಿಯನ್ನು ಕರೆಸಿ ಎರಡೂ ಕೈಗೆ ಡಜನ್ ಡಜನ್ ಹಸಿರು ಗಾಜಿನ ಬಳೆ ಇಡಿಸಿದರು. ನಮ್ಮ ಕಡೆ ಬಳೆ ಇಡುವುದೆಂದರೆ ಕೈ ಹಿಂಡಿ, ಬೆರಳು ಮಡಚಿ, ಒಂದೊಂದಾಗಿ ಏರಿಸಿ ಮಣಿಕಟ್ಟಿಗೆ ಬಿಗಿಯಾಗಿ ಕೂರಿಸುವುದು. ಏರಿದ ಬಳೆ ಇಳಿಯುವುದು ಒಡೆದಾಗಲೇ. ಫಕ್ಕೀರಪ್ಪ ಮಾಮಾ, ಅಂದರೆ ಅಕ್ಕನ ಗಂಡ, ಬಾಗಿಲ ಬಳಿ ನಿಂತು ಮುಖ ಅರಳಿಸಿಕೊಂಡು ನೋಡುತ್ತಿದ್ದರು. ಅವರು ಕಾರವಾರದ ದಾರಿಯಲ್ಲಿ ಬಸ್ ಓಡಿಸುತ್ತಾರೆ.

ಅದಾದ ಮೇಲೆ ಒಂದು ದಿನ ಅಕ್ಕ ಒಲೆಯ ಮುಂದೆ ಕುಸಿದಳು. ಮೋಟರ್ ನಿಂತಿತ್ತು. ಮರಿ ಬ್ಯಾಟರಿ ಚೀರಿ ಓಣಿಯನ್ನೇ ಎಬ್ಬಿಸಿತು. ಪುಣ್ಯಕ್ಕೆ ಹಂಚಿನ ಮೇಲೆ ಬೀಳಲಿಲ್ಲ. ಆಸ್ಪತ್ರೆಯವರು ಡಬ್ಬಿಯೊಳಗಿನ ದಾಖಲೆ ನೋಡಿ, ಬಾಗಿಲು ಸರಿಯಾಗಿ ಹಾಕಿಲ್ಲ, ರೋಗಿಯ ಅಜಾಗರೂಕತೆ ಎಂದರು. ಮುಂದಿನ ತಿಂಗಳು ಮತ್ತೆ ಅದೇ ಆಯಿತು. ಈ ಸಲ ಮಾತು ಬಿರುಸಾಯಿತು. ನಾಲ್ಕು ಸಲ ಹೀಗಾದವರನ್ನು ಮನೆಯಲ್ಲಿ ಬಿಡುವುದಿಲ್ಲ, ಆಸ್ಪತ್ರೆಯ ಕಾವಲು ವಾರ್ಡಿಗೆ ತಂದಿಟ್ಟುಕೊಳ್ಳುತ್ತಾರೆ. ಅಲ್ಲಿಗೆ ಹೋದವರು ಮನೆಗೆ ಮರಳುವುದು ಅಪರೂಪ. ಮಂಚ, ಕಿಟಕಿ, ಬ್ಯಾಟರಿ ಬದಲಿಸುವ ನರ್ಸು, ಅಷ್ಟೇ ಜೀವನ. ಅಕ್ಕ ಒಮ್ಮೆ ಆ ವಾರ್ಡನ್ನು ಹೊರಗಿನಿಂದ ಇಣುಕಿ ನೋಡಿದ್ದಳು.

“ಅಲ್ಲಿ ಇರೂದಕ್ಕಿಂತ ಮೋಟರ್ ಬಂದ್ ಆಗಿ ಹೋಗೂದ ಚೊಲೋ,” ಎಂದಿದ್ದಳು. ನಾನು ಬೈದಿದ್ದೆ.

ಬೈದೆ, ಆದರೆ ನಿದ್ದೆ ಹತ್ತಲಿಲ್ಲ. ದೋಷ ಬಾಗಿಲಿನದ್ದೇ ಇರಬಹುದು ಎಂಬ ಹುಳ ತಲೆ ಹೊಕ್ಕಿತ್ತು. ಅದೇ ಅಚ್ಚಿನಿಂದ ಬಂದ ಬಾಗಿಲುಗಳನ್ನು ತರಿಸಿದೆ. ಸೊಟ್ಟಗಾಗಿದೆಯಾ ನೋಡಿದೆ, ಇಲ್ಲ. ಕೊಂಡಿಯ ತುದಿಗೆ ಪ್ಲಾಸ್ಟಿಕ್ ಪೂರ್ತಿ ತುಂಬಿದೆಯಾ ನೋಡಿದೆ, ತುಂಬಿದೆ. ಕುಗ್ಗುವಿಕೆಯ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲ. ನಾನೇ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಮುಚ್ಚಿ ತೆಗೆದು, ತೆಗೆದು ಮುಚ್ಚಿ ಕೈ ನೋಯಿಸಿಕೊಂಡೆ. ಪ್ರತಿ ಸಲವೂ ಟಕ್. ಕಾರ್ಖಾನೆಯ ಹೆಂಗಸರಿಗೆಲ್ಲ ಕೊಟ್ಟೆ. ದಪ್ಪ ಕೈ, ಸಣ್ಣ ಕೈ, ಎಡಚರ ಕೈ, ಎಲ್ಲದರಲ್ಲೂ ಟಕ್. ಆ ಸದ್ದು ಕೇಳಿ ಕೇಳಿ ನನಗೆ ಅಕ್ಕನ ಮೇಲೆಯೇ ಸಿಟ್ಟು ಬರತೊಡಗಿತು. ಲಕ್ಷ ಕೈಗೆ ಆಗುವುದು ಇವಳೊಬ್ಬಳಿಗೆ ಏಕೆ ಆಗುವುದಿಲ್ಲ?

ಆ ಸಿಟ್ಟಿನಲ್ಲೇ ಒಂದು ದಿನ ಮುಂಜಾನೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅವಳ ಮನೆಗೆ ಹೋಗಿ ಕೂತೆ. ಬ್ಯಾಟರಿ ಬದಲಿಸುವ ಹೊತ್ತಿಗೆ ನಾನು ಎಂದೂ ಅಲ್ಲಿ ಇದ್ದವಳಲ್ಲ.

“ನನ್ನ ಮುಂದ ಮಾಡು ನೋಡೂಣು,” ಎಂದೆ.

“ಏನ್ ಪರೀಕ್ಷಾ ಇಡಾಕ ಬಂದೀಯೇನವಾ?” ಎನ್ನುತ್ತ ಅಕ್ಕ ಹಿಟ್ಟಿನ ಕೈ ತೊಳೆದು ಒರೆಸಿಕೊಂಡು ಬ್ಯಾಟರಿ ಹಾಕಿದಳು. ಬಲಗೈಯಿಂದ ಡಬ್ಬಿಯನ್ನು ಅಡಿಯಿಂದ ತಬ್ಬಿ ಹಿಡಿದು, ಹೆಬ್ಬೆರಳಿನಿಂದ ಬಾಗಿಲಿನ ಹಿಡಿಯನ್ನು ಮೇಲಕ್ಕೆ ಒತ್ತಬೇಕು. ಹಾಗೆ ಹಿಡಿದಾಗ ಮಣಿಕಟ್ಟು ಡಬ್ಬಿಯ ಕೆಳಮೂಲೆಗೆ ಒರಗುತ್ತದೆ. ಅಕ್ಕನ ಮಣಿಕಟ್ಟು ಒರಗಲಿಲ್ಲ. ಅದಕ್ಕೂ ಮೊದಲು ಬಳೆಗಳು ಒರಗಿದವು. ಗಾಜು ಮೂಲೆಗೆ ತಾಗಿ ಕಿಣಿಕ್ ಅಂದಿತು. ಅಕ್ಕನ ಕೈ ತನಗೆ ತಾನೇ ತುಸು ಸಡಿಲವಾಯಿತು, ಹೆಬ್ಬೆರಳು ಅಲ್ಲೇ ನಿಂತಿತು.

“ಆತು ನೋಡು,” ಎಂದಳು.

ಆಗಿರಲಿಲ್ಲ. ನಾನು ಬಗ್ಗಿ ನೋಡಿದೆ. ಕೊಂಡಿ ಅರ್ಧಕ್ಕೆ ನಿಂತಿತ್ತು, ಗಾಜಿನ ಸದ್ದನ್ನೇ ಅವಳು ಟಕ್ ಎಂದುಕೊಂಡಿದ್ದಳು. ಕೆಲವು ದಿನ ಹಾಗೆಯೇ ನಿಂತು, ಕೆಲವು ದಿನ ಬಗ್ಗಿದಾಗ ಬಿಚ್ಚಿಕೊಳ್ಳುತ್ತಿತ್ತು.

ನಾನೇ ಒತ್ತಿ ಬಾಗಿಲು ಕೂರಿಸಿ ಹಣೆ ಚಚ್ಚಿಕೊಂಡೆ. ಕಾರ್ಖಾನೆಯಲ್ಲಿ ಯಂತ್ರದ ಹತ್ತಿರ ಹೋಗುವ ಹೆಂಗಸರು ಗೇಟಿನಲ್ಲೇ ಬಳೆ, ಉಂಗುರ ತೆಗೆದಿಡಬೇಕು. ಅದು ಒಳ್ಳೆಯ ನಿಯಮ, ಬೆರಳು ಉಳಿಸುವ ನಿಯಮ. ನಾವೆಲ್ಲ ಇಳಿಯುವಂಥ ಬಳೆಯನ್ನೇ ಹಾಕುತ್ತೇವೆ, ಅಥವಾ ಹಾಕುವುದೇ ಇಲ್ಲ. ಹೀಗಾಗಿ ಆ ಬಾಗಿಲನ್ನು ಪರೀಕ್ಷೆ ಮಾಡಿದ ಪ್ರತಿಯೊಂದು ಕೈಯೂ ಬರಿಗೈ. ಆಸ್ಪತ್ರೆಯಲ್ಲಿ ಕಲಿತಾಗ ಅಕ್ಕನದ್ದೂ ಬರಿಗೈಯೇ.

“ಅಕ್ಕಾ, ಬಳಿ ತಗದು ಬಿಡು. ಇವತ್ತ. ಈಗ.”

“ಯಾಕ?”

ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

“ಅವರು ಈಗ ಅರಬೈಲ್ ಘಟ್ಟ ಇಳ್ಯಾಕತ್ತಿರ್ತಾರ. ನಾ ಇಲ್ಲಿ ಕುಂತು ಬಳಿ ಒಡಕೊಳ್ಳೇನು?”

“ಮೋಟರ್ ನಿಂತ ಸಾಯ್ತೀ!”

“ಮೋಟರ್ ನನ್ನ ಜೀವಕ್ಕ. ಬಳಿ ಅವರ ಜೀವಕ್ಕ.”

“ಡಿಗ್ರಿ ಓದ್ದಾಕಿ ನೀ. ಇದನ್ನ ನಂಬ್ತೀ?”

“ನಂಬ್ತೀನೋ ಇಲ್ಲೋ, ಒಡ್ಯಾಕ ಹೋದ್ರ ಕೈ ನಡಗ್ತೈತಿ. ನಡಗೂ ಕೈಗೆ ಏನ ಹೇಳ್ಲಿ?” ಎಂದಳು. ಆಮೇಲೆ ಅವಳಿಗೂ ಸಿಟ್ಟು ಏರಿತು. “ಇದ ಬಳಿ ಹಾಕ್ಕೊಂಡ ದಿನಾ ಇಷ್ಟ ರೊಟ್ಟಿ ಬಡೀತೀನಿ. ನೀರ ತುಂಬ್ತೀನಿ. ಬಾಜೂ ಮನಿ ಕೂಸಿನ್ನ ಎತಗೋತೀನಿ. ಯಾವ ಕೆಲಸಕ್ಕೂ ಅಡ್ಡ ಬಂದಿಲ್ಲ. ನಿನ್ನ ಡಬ್ಬಿಗಷ್ಟ ಅಡ್ಡ ಬರ್ತಾವಂದ್ರ ತಪ್ಪು ಬಳೀದೋ, ಡಬ್ಬೀದೋ?”

ದೊಡ್ಡ ಬಳೆ, ಸಡಿಲ ಬಳೆ ಹಾಕಿಕೋ ಎಂದೆ. ಸಡಿಲ ಬಳೆ ಅಂಗೈಗೆ ಜಾರಿ ಬಂದು ಇನ್ನೂ ಹೆಚ್ಚು ಅಡ್ಡ ಬರುತ್ತವೆ ಎಂದು ತೋರಿಸಿದಳು. ಎಡಗೈಯಿಂದ ಮುಚ್ಚು ಎಂದೆ. ಡಬ್ಬಿ ಇರುವುದೇ ಎಡಕ್ಕೆ, ಅದರ ತಂತಿ ಹೊಟ್ಟೆಯಿಂದ ಹೊರಬರುವುದೂ ಎಡಕ್ಕೆ, ಎಡಗೈ ಅಲ್ಲಿಗೆ ತಿರುಗುವುದಿಲ್ಲ. ಓಣಿಯ ಯಾರಿಂದಾದರೂ ಮುಚ್ಚಿಸಿಕೋ ಎಂದೆ, ಹಗಲು ಮನೆಯಲ್ಲಿರುವ ಹೆಂಗಸರ ಕೈಯಲ್ಲೆಲ್ಲ ಇಂಥವೇ ಬಳೆ ಎಂದಳು. ಜೋರಾಗಿ ಒತ್ತು ಎನ್ನುವಂತೆಯೂ ಇಲ್ಲ, ರಕ್ತ ತೆಳುವಾಗಿಸುವ ಗುಳಿಗೆ ಬೇರೆ ನುಂಗುತ್ತಾಳೆ, ಒಡೆದ ಗಾಜು ತಾಗಿದರೆ ನೆತ್ತರು ನಿಲ್ಲುವುದಿಲ್ಲ. ನಾನು ಚಹಾ ಕುಡಿಯದೆ ಎದ್ದು ಬಂದೆ. ದಾರಿಯುದ್ದಕ್ಕೂ ಅವಳನ್ನು ಬೈಯುತ್ತ ಬಂದೆ, ತಪ್ಪು ಬಳೆಯದೋ ಡಬ್ಬಿಯದೋ ಎಂಬ ಅವಳ ಪ್ರಶ್ನೆಯೂ ಜೊತೆಗೇ ಬಂತು.

ಕಾರ್ಖಾನೆಗೆ ಬಂದು ಲಕ್ಷ ಕೈಗಳನ್ನು ತೆರೆದೆ. ಒಂದೊಂದಾಗಿ ಸರಿಸುತ್ತ ಹೋದೆ. ಹೊಲ ಗೇಯ್ದು ಒರಟಾದ ಕೈ. ಎರಡು ಬೆರಳಿಲ್ಲದ ಕೈ. ಮೀನು ಸೀಳಿ ಗಾಯಗಳಾದ ಕೈ. ಮದರಂಗಿ ಹಚ್ಚಿದ ಕೈ ಕೂಡ ಸಿಕ್ಕಿತು, ಬಣ್ಣದ ಹೂಬಳ್ಳಿ ಮೊಣಕೈತನಕ. ಅದೇ ಕೈಗೆ ಬಳೆಯಿಲ್ಲ. ಅಳತೆಯ ಗೂಡಿನೊಳಗೆ ಕೈ ಇಡುವ ಮೊದಲು ಎಲ್ಲವನ್ನೂ ತೆಗೆಯಿರಿ ಎಂದಿರುತ್ತಾರೆ. ತೆಗೆಯಲಾಗದವರನ್ನು ಆಚೆ ನಿಲ್ಲಿಸಿರುತ್ತಾರೆ. ಅರ್ಧ ದೇಶದ ಹೆಂಗಸರ ಕೈಯಲ್ಲಿರುವ ವಸ್ತು ನಿಕಷದ ದೇಶದಲ್ಲಿ ಇರಲೇ ಇಲ್ಲ.

ಆಗಲೇ ನಾನು ಆ ಹಿಡಿಯನ್ನು ಏಳು ಮಿಲಿಮೀಟರ್ ಮೇಲೆಳೆಯಲು ಹೋದದ್ದು. ಅದು ಒಪ್ಪಲಿಲ್ಲ ಎಂದು ಹೇಳಿದೆನಲ್ಲ. ಡಬ್ಬಿಯ ಕೆಳಮೂಲೆಯನ್ನು ಒಳಕ್ಕೆ ತೋಡಿದೆ. ‘ಹೀಗೆ ತೋಡಿದರೆ ಭಾಗ ಅಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಕಾರಣ ಕಂಡುಬಂದಿಲ್ಲ.’ ಹಿಡಿಯನ್ನು ಉದ್ದ ಮಾಡಿದೆ. ‘ಹೆಚ್ಚುವರಿ ಪ್ಲಾಸ್ಟಿಕ್. ಕಾರಣ ಕಂಡುಬಂದಿಲ್ಲ.’ ಸರಿ, ಕಾರಣವನ್ನೇ ಕೊಡುತ್ತೇನೆ ಎಂದು ಒಂದು ಕೈಯನ್ನು ತೆಗೆದುಕೊಂಡು ಅದಕ್ಕೆ ಬಳೆಗಳನ್ನು ರಚಿಸಿ ತೊಡಿಸಿದೆ. ಗಾಜಿನ ಗುಣ, ದಪ್ಪ, ತೂಕ ಎಲ್ಲ ಸರಿಯಾಗಿ ಬರೆದೆ. ನಿಕಷ ಬಳೆಗಳನ್ನು ಕೆಂಪು ಮಾಡಿ ತೋರಿಸಿತು: ‘ಕೈಯ ಮೇಲೆ ಪರಕೀಯ ವಸ್ತು ಇದೆ. ತೆಗೆದು ಮುಂದುವರಿಯಿರಿ.’

ಪರಕೀಯವಂತೆ! ಅದಕ್ಕೆ ಮುಖವಿದ್ದಿದ್ದರೆ ಅವತ್ತು ಕಪಾಳಕ್ಕೆ ಬಿಡುತ್ತಿದ್ದೆ.

ನಮ್ಮ ಕಾರ್ಖಾನೆಯ ಮುಖ್ಯಸ್ಥರು ದೇಸಾಯಿ ಸರ್. ಧಾರವಾಡದವರು, ಸಜ್ಜನರು, ಜಗಳವೆಂದರೆ ಮಾರು ದೂರ. ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

“ಮಹಾನಂದಾ, ನಿಮ್ಮಕ್ಕಗ ಬಳಿ ತಗೀಲಿಕ್ಕೆ ಹೇಳಿದ್ರ ಮುಗದ ಹೋತಲ್ಲ?”

“ತಗ್ಯಾಂಗಿಲ್ಲಂತ್ರೀ ಸರ್.”

“ಹಂಗಂದ್ರ ನಾವೇನ್ ಮಾಡ್ಲಿಕ್ಕೆ ಬರ್ತದ? ಲಕ್ಷ ಕೈ ಪಾಸ್ ಮಾಡಿದ ಬಾಗಲಾ ಅದು. ನಾಳೆ ಇನ್ನೊಬ್ಬಾಕಿ ಮೂಗುತಿ ಅಡ್ಡ ಬರ್ತದ ಅಂತಾಳ.”

“ಬಾಗಲಾ ಮೂಗಿಂದ ಮುಚ್ಚೂದಿಲ್ರೀ ಸರ್!”

ಅವರಿಗೆ ನಗು ಬಂತು, ನನಗೆ ಬರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿಯೂ ಅದೇ ಮಾತು, ತೆಗೆಯಲು ಹೇಳಿ. ನಿಕಷದ ಸಹಾಯವಾಣಿಗೆ ಮಾಡಿದೆ. ದೂರು ಕೊಡಲು ಮೊದಲು ದೋಷ ಬಳಕೆದಾರರದ್ದಲ್ಲ ಎಂದು ಸಾಬೀತು ಮಾಡಿ ಎಂದಿತು ಒಂದು ಇಂಪಾದ ದನಿ. ಎಲ್ಲರ ಪ್ರಕಾರವೂ ಎಲ್ಲಕ್ಕಿಂತ ಸುಲಭವಾಗಿ ಬದಲಾಗಬೇಕಾದ ಭಾಗವೆಂದರೆ ನಮ್ಮಕ್ಕ.

ಅಷ್ಟರಲ್ಲಿ ಮೂರನೆಯ ಸಲ ಆಯಿತು. ಈ ಸಲ ಮೆಟ್ಟಿಲಿಳಿಯುವಾಗ. ಹುಬ್ಬು ಒಡೆದು, ನೆತ್ತರು ನಿಲ್ಲದೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಇರಬೇಕಾಯಿತು. ಮಾಮಾ ಅರ್ಧ ದಾರಿಯಲ್ಲಿ ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಓಡಿ ಬಂದಿದ್ದರು. ಮಂಚದ ಪಕ್ಕ ನಿಂತು, “ನಾ ಇಲ್ಲೇ ಅದೀನಿ, ಗುಂಡಕಲ್ಲಿನಂಗ ಅದೀನಿ, ಬಳಿ ಹೋದ್ರ ನನಗೇನ ಆಗತೈತಿ?” ಎಂದು ಗದರುತ್ತ ಅವಳ ಕೈ ಹಿಡಿದರು. ಹಿಡಿದವರು ಒಂದು ಬಳೆಯನ್ನೂ ಒಡೆಯಲಿಲ್ಲ. ಬೆರಳಿನಿಂದ ಸವರುತ್ತ ಕೂತರು. ಇಬ್ಬರ ಮೇಲೂ ನನಗೆ ಎಷ್ಟು ಕೋಪ ಬಂತೆಂದರೆ ಹೊರಗೆ ಹೋಗಿ ಅತ್ತುಬಿಟ್ಟೆ. ಇನ್ನೊಂದು ಸಲ ಆದರೆ ಕಾವಲು ವಾರ್ಡು.

ಮಾರನೆಯ ದಿನ ಕಾರ್ಖಾನೆಯಲ್ಲಿ ಕೂತು ಹಲ್ಲು ಕಡಿಯುತ್ತ ನಿಕಷದ ಎಲ್ಲ ಕೋಣೆಗಳನ್ನೂ ತಡಕಾಡಿದೆ. ಒಂದು ಕಡೆ ‘ರೋಗಪೀಡಿತ ಕೈಗಳು’ ಎಂಬ ವಿಭಾಗವಿತ್ತು. ಸಂಧಿವಾತದ ಕೈ, ಸುಟ್ಟ ಕೈ, ಆರು ಬೆರಳಿನ ಕೈ. ವಿಶೇಷ ರೋಗಿಗಳಿಗಾಗಿ ಹೊಸ ಕೈ ಸೇರಿಸಬಹುದು, ಡಾಕ್ಟರ ಪ್ರಮಾಣಪತ್ರವನ್ನು ಆಮೇಲೆ ಕೊಡಬಹುದು.

ಅಕ್ಕನ ಕೈಯನ್ನು ಅಳತೆಗೆ ತಕ್ಕಂತೆ ರಚಿಸಿದೆ. ಮಣಿಕಟ್ಟಿನ ಸುತ್ತ ಅದೇ ಬಳೆಗಳನ್ನು ಇಟ್ಟೆ. ಈ ಸಲ ಗಾಜು ಎಂದು ಬರೆಯಲಿಲ್ಲ, ಮೂಳೆ ಎಂದು ಬರೆದೆ. ರೋಗದ ವಿವರ ಎಂಬಲ್ಲಿ ‘ಮಣಿಕಟ್ಟಿನ ಸುತ್ತ ಉಂಗುರದಾಕಾರದ ಗಟ್ಟಿ ಬೆಳವಣಿಗೆಗಳು, ಹನ್ನೆರಡು. ಒತ್ತಿದರೆ ಒಡೆಯುವ ಸಂಭವ’ ಎಂದು ತುಂಬಿದೆ.

ನಿಕಷ ತಕ್ಷಣ ಮೃದುವಾಯಿತು. ‘ರೋಗಿಯ ತೊಂದರೆಗೆ ವಿಷಾದಿಸುತ್ತೇವೆ. ಹೊಸ ಭಾಗ ಸಿದ್ಧವಾಗುತ್ತಿದೆ.’

ನಾನು ನೀರು ಕುಡಿದು ಬರುವಷ್ಟರಲ್ಲಿ ಬಾಗಿಲು ತಯಾರು. ಹಿಡಿಯನ್ನು ಅದು ಕೆಳಗಿನಿಂದ ತೆಗೆದು ಮೇಲಂಚಿಗೆ ತಂದಿತ್ತು, ಅಂಗೈಯಿಂದ ಮೇಲಿನಿಂದ ಒತ್ತಿದರೆ ಸಾಕು, ಮಣಿಕಟ್ಟು ಡಬ್ಬಿಯ ಹತ್ತಿರವೂ ಸುಳಿಯುವುದಿಲ್ಲ. ಗೋಡೆಯ ದಪ್ಪ ಎಲ್ಲ ಕಡೆ ಒಂದೇ, ಇಳಿಜಾರು ಹದವಾಗಿದೆ, ಅಚ್ಚು ಸರಳ. ಹಳೆಯ ಬಾಗಿಲಿಗಿಂತ ಪ್ಲಾಸ್ಟಿಕ್ ಕೂಡ ಕಡಿಮೆ. ಎಂಥ ಚೆಂದದ ಭಾಗ! ನಾನು ಏಳು ಮಿಲಿಮೀಟರಿಗೆ ಬಡಿದಾಡುತ್ತಿದ್ದಾಗ ಇದು ಇಷ್ಟನ್ನೂ ಮಾಡಬಲ್ಲದಾಗಿತ್ತು. ಕಾಯಿಲೆಯೆಂದರೆ ಕರಗುತ್ತದೆ, ಬಳೆಯೆಂದರೆ ಕಲ್ಲಾಗುತ್ತದೆ. ಮೆಚ್ಚಿಗೆ, ಕೋಪ ಎರಡೂ ಒಟ್ಟಿಗೆ ಬಂದವು.

ದೇಸಾಯಿ ಸರ್ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಪರದೆಯ ಮೇಲಿನ ಹನ್ನೆರಡು ಉಂಗುರದ ಕೈಯನ್ನು ನೋಡಿದರು. ನನ್ನನ್ನು ನೋಡಿದರು.

“ಎಂಥಾ ವಿಚಿತ್ರ ರೋಗ ಅದ ಅಲ್ಲಾ ಇದು,” ಎಂದು ಚಹಾ ಕುಡಿಯಲು ಹೋದರು. ಹೋಗುವ ಮೊದಲು ಅಚ್ಚು ಕೊರೆಯುವ ಆದೇಶಕ್ಕೆ ಸಹಿ ಹಾಕಿದ್ದರು.

ಉಳಿದದ್ದು ಪ್ರಮಾಣಪತ್ರ, ಅದು ಸೇರಿದರೇನೇ ಮುದ್ರೆ. ಅದನ್ನು ಕೊಡುವುದು ಆಸ್ಪತ್ರೆಯ ಅಂಗವಿಕಲತೆಯ ಸಮಿತಿ. ಸಮಿತಿ ಎಂದರೆ ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುವ ಒಬ್ಬರೇ ಡಾಕ್ಟರು, ಮೃಣಾಲಿನಿ ಅಂತ. ಅಕ್ಕನನ್ನೂ ಮಾಮಾನನ್ನೂ ಕರೆದುಕೊಂಡು ಹೋದೆ. ದಾರಿಯಲ್ಲಿ ಅಕ್ಕನಿಗೆ ಪಾಠ ಹೇಳಿದೆ: ಮಣಿಕಟ್ಟು ನೋಯುತ್ತದೆ ಅನ್ನು, ಗಂಟು ಬಂದಿದೆ ಅನ್ನು, ಹೆಚ್ಚು ಮಾತಾಡಬೇಡ.

“ಸುಳ್ಳ ಹೇಳಂತೀ?”

“ಸುಳ್ಳ ಹೇಳಿದ್ರ ಮನ್ಯಾಗ ಇರ್ತೀ. ಖರೇ ಹೇಳಿದ್ರ ವಾರ್ಡಿನ್ಯಾಗ ಇರ್ತೀ. ನೋಡು.”

ಅವಳು ಡಾಕ್ಟರ ಎದುರು ಕೂತು ಕೈ ಚಾಚಿದಳು. ಡಾಕ್ಟರು ನನ್ನ ಅರ್ಜಿಯ ಚಿತ್ರ ನೋಡುತ್ತ, “ಬಳೆ ತೆಗೀರಮ್ಮ, ಬೆಳವಣಿಗೆ ಎಲ್ಲಿದೆ ನೋಡೋಣ,” ಎಂದರು.

“ಇವು ತಗ್ಯಾಕ ಬರೂದಿಲ್ರೀ.”

ಡಾಕ್ಟರು ಬಳೆಗಳ ನಡುವೆ ಬೆರಳು ತೂರಿಸಿ ಮಣಿಕಟ್ಟನ್ನು ಒತ್ತಿ ನೋಡಿದರು. ಮತ್ತೆ ಚಿತ್ರ ನೋಡಿದರು. ಉಂಗುರಗಳನ್ನು ಎಣಿಸಿದರು, ಬಳೆಗಳನ್ನು ಎಣಿಸಿದರು. ಮುಖ ಕೆಂಪಾಯಿತು.

“ಏನಿದು ತಮಾಷೆ? ಬಳೆಯನ್ನ ಮೂಳೆ ಅಂತ ಬರೆದು ತಂದಿದ್ದೀರಲ್ಲ, ನನ್ನನ್ನ ಏನು ಅಂದ್ಕೊಂಡಿದ್ದೀರಿ?”

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನ ಸೊಂಟದ ಡಬ್ಬಿ ಕೂಗಿತು. ಸರದಿಯಲ್ಲಿ ಕಾಯುತ್ತ ಬ್ಯಾಟರಿಯ ಹೊತ್ತು ಮೀರಿದ್ದು ಯಾರಿಗೂ ನೆನಪಿರಲಿಲ್ಲ. ಮಾಮಾ ಗಡಬಡಿಸಿ ಚೀಲದಿಂದ ಇನ್ನೊಂದು ಬ್ಯಾಟರಿ ಕೊಟ್ಟರು. ಅಕ್ಕ ಹಾಕಿ ಬಾಗಿಲು ಒತ್ತಿದಳು. ಕಿಣಿಕ್. ಕೂರಲಿಲ್ಲ. ಮತ್ತೆ ಒತ್ತಿದಳು. ಕೂರಲಿಲ್ಲ. ಅವಳ ಹಣೆಯಲ್ಲಿ ಬೆವರು. ಡಬ್ಬಿಯ ಕೂಗು ಏರುತ್ತಿತ್ತು, ಇನ್ನು ಸ್ವಲ್ಪ ಹೊತ್ತು ಹೀಗೇ ಆದರೆ ನಾಲ್ಕನೆಯದು ದಾಖಲಾಗುತ್ತದೆ. ನಾನು ಮುಂದೆ ನುಗ್ಗುವಷ್ಟರಲ್ಲಿ ಡಾಕ್ಟರೇ ಎದ್ದು ಮೇಜು ಸುತ್ತಿ ಬಂದರು. ತಮ್ಮ ಬಲಗೈಯ ಚಿನ್ನದ ಬಳೆಯನ್ನು ಮೊಣಕೈ ಕಡೆಗೆ ಸರಕ್ಕನೆ ಸರಿಸಿ, ಡಬ್ಬಿ ಹಿಡಿದು, ಹೆಬ್ಬೆರಳಿನಿಂದ ಒತ್ತಿದರು.

ಟಕ್. ಕೂಗು ನಿಂತಿತು.

“ನೋಡಿ, ಏನು ಕಷ್ಟ ಇದೆ ಇದರಲ್ಲಿ?” ಎಂದರು ಡಾಕ್ಟರು. “ಸ್ವಲ್ಪ ಗಮನ ಕೊಟ್ಟು ಮಾಡಬೇಕು, ಅಷ್ಟೇ.”

ಅಕ್ಕ ಉಸಿರು ತಿರುಗಿಸಿಕೊಂಡಳು. “ಡಾಕ್ಟರ್‌ಬಾಯಾರ, ಈಗ ಕೈಮ್ಯಾಲಿಂದ ಏನ ಸರಿಸಿದ್ರಿ?”

“ಏನು?”

“ಒತ್ತೂಕಿಂತ ಮೊದಲ. ಏನೋ ಮ್ಯಾಲೆ ಸರಿಸಿದ್ರಲ್ಲಾ.”

ಡಾಕ್ಟರು ತಮ್ಮ ಕೈ ನೋಡಿಕೊಂಡರು. ಚಿನ್ನದ ಬಳೆ ಮೊಣಕೈಯ ಕೆಳಗೆ ಸಿಕ್ಕಿಕೊಂಡು ನಿಂತಿತ್ತು.

“ನಿಮ್ಮದು ಸರೀತೈತಿ. ನಂದು ಸರಿಯೂದಿಲ್ಲ. ಅಷ್ಟ ಫರಕ ನೋಡ್ರಿ,” ಎಂದಳು ಅಕ್ಕ.

ಡಾಕ್ಟರ ಮೇಜಿನ ಮೇಲೆ ರೋಗಿಗಳಿಗೆ ತೋರಿಸಲು ಇಟ್ಟ ಒಂದು ಖಾಲಿ ಡಬ್ಬಿಯಿತ್ತು. ಅವರು ಅದನ್ನು ಎತ್ತಿಕೊಂಡರು. ಬಳೆಯನ್ನು ಕೆಳಗೆ ಮಣಿಕಟ್ಟಿಗೆ ಎಳೆದುಕೊಂಡರು. ಬಾಗಿಲು ಒತ್ತಿದರು. ಕೂರಲಿಲ್ಲ. ಹಲ್ಲು ಕಚ್ಚಿ ಒತ್ತಿದರು. ಕೂರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿದರು.

“ನಿಜ ಬರೆದರೆ ಪ್ರಯೋಜನ ಇಲ್ಲ,” ಎಂದರು ನನ್ನ ಕಡೆ ತಿರುಗಿ. “ಕೈ ಸರಿಯಾಗಿದೆ, ಡಬ್ಬಿ ಸರಿಯಿಲ್ಲ ಅಂತ ಬರೆದರೆ ನಿಕಷ ಆ ಅರ್ಜಿಯನ್ನ ತೆರೆಯೋದೇ ಇಲ್ಲ. ನಾನೂ ಅದರ ಜೊತೆ ಹೆಣಗಾಡಿದ್ದೇನೆ, ಬೇರೆ ವಿಷಯಕ್ಕೆ. ವಿಕಾರ ಅಂತ ಬರೆದರೆ ಮಾತ್ರ ಇವರಿಗೆ ಹೊಸ ಬಾಗಿಲು ಬರುತ್ತೆ. ಆದರೆ ಆಮೇಲೆ ಎಲ್ಲ ಕಡೆ, ಜೀವನಪೂರ್ತಿ, ಇವರ ಕೈ ವಿಕಾರ ಅಂತಲೇ ಇರುತ್ತೆ.” ಆಮೇಲೆ ಅಕ್ಕನನ್ನು ಕೇಳಿದರು, “ಏನಮ್ಮ, ಬರೀಲಾ?”

ಅಕ್ಕ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ತಿರುಗಿಸಿ ನೋಡಿಕೊಂಡಳು. ಬಿಸಿ ಹಂಚಿಗೆ ತಾಗಿ ತಾಗಿ ಕಪ್ಪಾದ ಬೆರಳ ತುದಿ, ಉಗುರ ಸಂದಿಯಲ್ಲಿ ಜೋಳದ ಹಿಟ್ಟು. ಮಾಮಾ ಗೋಡೆ ನೋಡುತ್ತಿದ್ದರು. ನನ್ನ ಅಕ್ಕನ ಕೈಗೆ ವಿಕಾರವೆಂಬ ಹೆಸರು ತಂದಿಟ್ಟವಳು ನಾನೇ ಎಂದು ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಅವಳು ಬೇಡ ಎಂದುಬಿಟ್ಟಾಳೆಂದು ಭಯವಾಯಿತು.

“ಬರೀರಿ,” ಎಂದಳು ಅಕ್ಕ. “ನಾ ಮನ್ಯಾಗ ಇರಬೇಕ್ರಿ. ಆದ್ರ ನಂದೊಂದ ಬರೀಬ್ಯಾಡ್ರಿ. ಬಾಜೂಕ ನಿಮ್ಮ ಕೈದೂ ಬರೀರಿ.”

“ಏ ಕಸ್ತೂರಿ!” ಎಂದರು ಮಾಮಾ ಗಾಬರಿಯಿಂದ.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಡಾಕ್ಟರು ಅವಳ ಪ್ರಮಾಣಪತ್ರಕ್ಕೆ ಸಹಿ ಹಾಕಿ ನನ್ನ ಕಡೆ ತಳ್ಳಿದರು. ಆಮೇಲೆ ಡ್ರಾಯರ್ ಎಳೆದು ಇನ್ನೊಂದು ಖಾಲಿ ಪ್ರಮಾಣಪತ್ರ ತೆಗೆದು, ರೋಗಿಯ ಹೆಸರು ಎಂಬಲ್ಲಿ ತಮ್ಮ ಹೆಸರನ್ನು ಬರೆಯತೊಡಗಿದರು.